ಕೈ ಮೂಸುವ ಗೇಟು

ನಮ್ಮಣ್ಣ ದಿನಾ ಸಂಜೆ ಗೇಟಿನ ಹತ್ತಿರ ನಿಂತು ಅತ್ತಿಗೆಯ ಕೈ ಮೂಸುತ್ತಿದ್ದ. ಪ್ರೀತಿಯಿಂದಲ್ಲ, ಸಂಬಳಕ್ಕಾಗಿ. ಅತ್ತಿಗೆಯದಾದ ಮೇಲೆ ನನ್ನ ಕೈ. ನಾನು ಅವನ ಸ್ವಂತ ತಂಗಿ. ಆಮೇಲೆ ಸಾಲಿನಲ್ಲಿ ನಿಂತ ಉಳಿದ ಹೆಂಗಸರ ಕೈ. ಮೂಸಿ, “ಹೋಗಿ” ಅನ್ನುತ್ತಿದ್ದ. ಮುಖ ಮಾತ್ರ ಗೋಡೆಯ ಕಡೆ ಇರುತ್ತಿತ್ತು. ಗೋಡೆಯೇ ಪೆಟ್ರೋಲ್ ಕದ್ದಿದೆಯೇನೋ ಅನ್ನುವ ಹಾಗೆ ಅದನ್ನೇ ದುರುಗುಟ್ಟಿ ನೋಡುತ್ತಿದ್ದ.

ಹೌದು, ಪೆಟ್ರೋಲು. ಅದರ ಕಥೆಯೇ ಇದು.

ನಾವು ಹುಲ್ಲು ಕತ್ತರಿಸುವವರು. ದೊಡ್ಡ ಮನುಷ್ಯರು ಪುಟ್ಟ ಚೆಂಡನ್ನು ದೂರಕ್ಕೆ ಹೊಡೆದು, ಅದನ್ನು ಹುಡುಕಿಕೊಂಡು ಹೋಗಿ, ಸಿಕ್ಕಿದ ಮೇಲೆ ಮತ್ತೆ ದೂರಕ್ಕೆ ಹೊಡೆಯುವ ಗಾಲ್ಫ್ ಕ್ಲಬ್ಬು ನಮ್ಮ ಕೆಲಸದ ಜಾಗ. ನಡುವಿನ ನುಣುಪು ಹುಲ್ಲಿಗೆ ಕೂತು ಓಡಿಸುವ ಗಾಡಿ ಇದೆ. ಅದನ್ನು ಗಂಡಸರು ಓಡಿಸುತ್ತಾರೆ. ದಿಬ್ಬದ ಅಂಚು, ಕೊಳದ ದಡ, ಮರದ ಬುಡ, ಬೇಲಿಯ ಸಾಲು, ಹೀಗೆ ಗಾಡಿ ಹೋಗದ ಕಡೆಯೆಲ್ಲ ನಾವು. ಹೆಗಲಿಗೆ ಪಟ್ಟಿ ಹಾಕಿ ಉದ್ದ ಕೋಲಿನ ಮೆಷಿನ್ ತೂಗುಹಾಕಿಕೊಳ್ಳಬೇಕು. ಕೋಲಿನ ಒಂದು ತುದಿಯಲ್ಲಿ ತಿರುಗುವ ಬ್ಲೇಡು, ಇನ್ನೊಂದು ತುದಿಯಲ್ಲಿ, ನಮ್ಮ ಸೊಂಟಕ್ಕೆ ತಾಗಿಕೊಂಡು, ಎಂಜಿನ್ನು. ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ. ತೊಡೆ ಬೇಯುತ್ತದೆ. ಕಲ್ಲು ಚಿಮ್ಮಿ ಮೊಣಕಾಲಿಗೆ ಬಡಿಯುತ್ತದೆ. ಬೆರಳು ಮರಗಟ್ಟುತ್ತದೆ. ಸಂಜೆ ಮೆಷಿನ್ ನಿಲ್ಲಿಸಿದ ಮೇಲೂ ಕೈ ನಿಲ್ಲುವುದಿಲ್ಲ. ಮನೆಯಲ್ಲಿ ಚಹಾದ ಲೋಟ ಹಿಡಿದರೆ ಲೋಟವೂ ಸ್ಟಾರ್ಟ್ ಆದ ಹಾಗೆ ನಡುಗುತ್ತದೆ.

ನಮಗೆ ಹಸಿರು ಏಪ್ರನ್ ಕೊಟ್ಟಿದ್ದರು. ಅದಕ್ಕೇ ಮೆಂಬರುಗಳು ನಮ್ಮನ್ನು “ಏ ಹಸಿರು” ಅಂತ ಕರೆಯುತ್ತಿದ್ದರು. ಚೆಂಡು ಬಂದು ನಮಗೆ ಬಡಿದರೆ “ಸಾರಿ” ಅನ್ನುತ್ತಿದ್ದರು. ನಮಗೆ ಹೇಳಿದರೋ ಚೆಂಡಿಗೆ ಹೇಳಿದರೋ ತಿಳಿಯುತ್ತಿರಲಿಲ್ಲ. ಕ್ಲಬ್ಬಿನ ಕಕ್ಕಸು ನಮಗಲ್ಲ, ಪಂಪ್‌ಹೌಸಿನ ಹಿಂದಿನ ಪೊದೆ ನಮಗೆ. ಮುಂದಿನ ಗೇಟು ನಮಗಲ್ಲ, ಹಿಂದಿನದು ನಮಗೆ. ನುಣುಪು ಹುಲ್ಲಿನ ಮೇಲೆ ಮೆಷಿನ್ ಇಲ್ಲದೆ ಕಾಲಿಡುವ ಹಾಗಿಲ್ಲ. ಮೆಷಿನ್ ಇದ್ದರೂ ಇಡುವ ಹಾಗಿಲ್ಲ, ಅದು ಗಾಡಿಯ ಜಾಗ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಮ್ಮ. ಯಾರಿಗೂ ದೊಡ್ಡಮ್ಮನಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ಅವಳಿಗೆ ಹಾಡುವ ಹುಚ್ಚು. ಕಂಠ ಮಾತ್ರ ದೇವರಿಗೇ ಪ್ರೀತಿ. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅನ್ನುವ ಧೈರ್ಯದ ಮೇಲೆ ದಿನವಿಡೀ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಳು. ಅವಳ ಮೆಷಿನ್ ದಿಢೀರನೆ ನಿಂತರೆ ಮಾತ್ರ ಹಾಡು ಬಯಲಾಗಿ ಸಿಕ್ಕಿಬೀಳುತ್ತಿತ್ತು. ನಾವು ನಗುತ್ತಿದ್ದೆವು. ಅವಳು ಬೈಯುತ್ತ ಹಗ್ಗ ಎಳೆಯುತ್ತಿದ್ದಳು.

ಆ ವರ್ಷ ಅವಳ ಹಾಡು ಪದೇ ಪದೇ ಸಿಕ್ಕಿಬೀಳತೊಡಗಿತು.

ಪೆಟ್ರೋಲ್ ಬಂಕಿನಲ್ಲಿ ಹೊಸ ಬೋರ್ಡು ಹಾಕಿದ್ದರು. ಎಥನಾಲ್ ಬೆರೆಸಿದ ಪೆಟ್ರೋಲಂತೆ. ಎಥನಾಲ್ ಅಂದರೆ ಕಬ್ಬು, ಜೋಳಗಳಿಂದ ಇಳಿಸುವ ಸ್ಪಿರಿಟ್ಟು. ಗಾಳಿಗೆ ಒಳ್ಳೆಯದು ಅಂತ ಬರೆದಿದ್ದರು. ಇರಬಹುದು, ಗಾಳಿಯನ್ನು ನಾವು ಕೇಳಿಲ್ಲ. ಮತ್ತೆ ಮತ್ತೆ ಹೋಗಿ ತರುವ ರಗಳೆ ಬೇಡ ಅಂತ ನಮ್ಮ ಮೇನೇಜರ್ ದೊಡ್ಡ ಡ್ರಮ್ಮು ತುಂಬಿಸಿ, ಕೊಳದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಡಿಸಿದರು. ಡ್ರಮ್ಮಿನ ಮುಚ್ಚಳ ಕಳೆದುಹೋಗಿತ್ತು. ಬಾಯಿಗೆ ಬಟ್ಟೆ ತುರುಕಿದ್ದರು. ಮಳೆಗಾಲ ಬಂತು. ಮೈದಾನ ಕೆಸರಾಯಿತು, ಕೆಲಸ ನಿಂತಿತು. ಪೆಟ್ರೋಲ್ ಡ್ರಮ್ಮಿನಲ್ಲೇ ಇತ್ತು, ಮೆಷಿನ್‌ಗಳ ಹೊಟ್ಟೆಯಲ್ಲೂ ಇತ್ತು. ಶೆಡ್ಡಿನ ಗೋಡೆ ಬೆವರುತ್ತಿತ್ತು.

ಮಳೆ ನಿಂತು ಕೆಲಸಕ್ಕೆ ಬಂದೆವು. ಹುಲ್ಲು ಸೊಂಟಕ್ಕೆ ಬಂದಿತ್ತು. ಹಗ್ಗ ಎಳೆದೆವು. ಮೆಷಿನ್ ಕೆಮ್ಮಿತು. ಮತ್ತೆ ಎಳೆದೆವು. ಹೊಗೆ ಉಗುಳಿತು, ಸತ್ತಿತು. ಮತ್ತೆ ಎಳೆದೆವು. ಭುಜ ಕಿತ್ತು ಬರುವಂತಾಯಿತು. ಒಂದರ ಪೆಟ್ರೋಲ್ ಪೈಪು ಉಬ್ಬಿ ಬಿಸಿಲಿಗಿಟ್ಟ ಚ್ಯೂಯಿಂಗ್ ಗಮ್ಮಿನಂತೆ ಅಂಟಂಟಾಗಿತ್ತು. ಇನ್ನೊಂದರದು ಒಣಗಿ ಬಿರುಕು ಬಿಟ್ಟು ನನ್ನ ಸೀರೆಯ ಮೇಲೆ ಸೋರಿತು. ಎಂಜಿನ್ ಅಷ್ಟು ಬಿಸಿ ಇರುವಾಗ ಬೆಂಕಿ ಹತ್ತಲಿಲ್ಲವಲ್ಲ, ಅದೇ ನನ್ನ ಆಯಸ್ಸು.

“ಇದಕ್ಕೂ ಕುಡಿಯೋ ಚಟ ಹತ್ತಿದೆ ಕಣೆ,” ಅಂದಳು ಅತ್ತಿಗೆ. “ಬೆಳಿಗ್ಗೆ ಎದ್ದೇಳಲ್ಲ, ಎದ್ರೆ ಕೆಮ್ಮುತ್ತೆ, ಕೆಲಸ ಅಂದ್ರೆ ಬಿದ್ದುಕೊಳ್ಳುತ್ತೆ. ನನ್ನ ತವರಿನ ಮಾವನ ಥರಾನೇ.”

ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಸೀಟಿ. ಬಾಯಲ್ಲಿ ಮಾತಿಗಿಂತ ಸೀಟಿಯೇ ಹೆಚ್ಚು. ಮೆಷಿನ್ ನಿಂತರೆ ಊದುತ್ತಿದ್ದ, ಕೂತರೆ ಊದುತ್ತಿದ್ದ, ಪೊದೆಗೆ ಹೋಗಿ ಬರುವುದು ತಡವಾದರೆ ಅಲ್ಲಿಗೂ ಕೇಳುವ ಹಾಗೆ ಊದುತ್ತಿದ್ದ. “ಮೆಷಿನ್ ಹಾಳು ಮಾಡೋದೇ ನಿಮ್ಮ ಕೆಲಸ” ಅನ್ನುತ್ತಿದ್ದ. ನಿಂತ ಮೆಷಿನ್ ಪಕ್ಕಕ್ಕಿಟ್ಟು ಕುಡುಗೋಲು ಕೊಡುತ್ತಿದ್ದ. ಬಗ್ಗಿ ಕೊಯ್ಯುತ್ತಿದ್ದೆವು.

ಒಂದು ದಿನ ದೊಡ್ಡಮ್ಮನ ಮೆಷಿನ್ ಕಿರುಚಿತು. ಹೊಗೆ ಇಲ್ಲ, ಕೆಮ್ಮಿಲ್ಲ, ಒಂದೇ ಕಿರುಚು. ಆಮೇಲೆ ಹಗ್ಗ ಎಳೆದರೆ ಕಲ್ಲಿಗೆ ಕಟ್ಟಿದ ಹಾಗೆ ಗಟ್ಟಿ. ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ಸೀಟಿ ಅವಳ ಕ್ಯಾನಿನಲ್ಲಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಎತ್ತಿ ಹಿಡಿದ. ಮೇಲೆ ಪೆಟ್ರೋಲು. ಕೆಳಗೆ ಬೇರೆಯೇ ಒಂದು ಪದರ, ತಿಳಿಯಾಗಿ, ನೀರಿನ ಹಾಗೆ.

“ನೀರು!” ಅಂದ ಸೀಟಿ. ಸೀಟಿ ಊದದೆ ಅವನು ಜೋರಾಗಿ ಆಡಿದ ಮೊದಲ ಮಾತು ಅದು.

ದೊಡ್ಡಮ್ಮನನ್ನು ಕ್ಲಬ್ಬಿನ ಮುಂದಿನ ಮೆಟ್ಟಿಲ ಹತ್ತಿರ ಕರೆಸಿದರು. ಮೆಂಬರುಗಳು ಕೂತು ಚಹಾ ಕುಡಿಯುವ ಜಾಗ ಅದು. ನಾವು ಕೊಂಚ ದೂರ, ಬೇಲಿಯ ಬಳಿ ಇದ್ದೆವು. ಎಲ್ಲ ಕಾಣಿಸುತ್ತಿತ್ತು, ಎಲ್ಲ ಕೇಳಿಸುತ್ತಿತ್ತು. ಮೇನೇಜರ್ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಇಸ್ತ್ರಿ ಮಾಡಿದ ಮನುಷ್ಯ. ಅಂಗಿ ಮಾತ್ರ ಅಲ್ಲ, ಮುಖಕ್ಕೂ ಇಸ್ತ್ರಿ.

“ನನ್ನ ಪೆಟ್ರೋಲ್ ಎಲ್ಲಿ?”

“ಯಾವ ಪೆಟ್ರೋಲ್ ಸಾರ್?”

“ನೀನು ಮಾರಿಕೊಂಡು ಬದಲಿಗೆ ನೀರು ತುಂಬಿದ್ದೀಯಲ್ಲ, ಆ ಪೆಟ್ರೋಲ್.”

“ನಾನು ಯಾಕೆ ಸಾರ್ ನೀರು ತುಂಬ್ಲಿ? ಡ್ರಮ್ಮಿಂದ ತುಂಬಿಸಿಕೊಟ್ಟದ್ದು ಇವರೇ.”

ಸೀಟಿ ಕೆಳಗೆ ನೋಡಿದ. ಮೇನೇಜರ್ ಪಕ್ಕದ ಟೇಬಲ್ಲಿನ ಖಾಲಿ ಲೋಟ ತೆಗೆದುಕೊಂಡರು. ಬಾಟಲಿಯ ಮೇಲಿನ ಪದರವನ್ನು ಹುಲ್ಲಿಗೆ ಚೆಲ್ಲಿದರು. ಕೆಳಗಿನದನ್ನು ಲೋಟಕ್ಕೆ ಬಗ್ಗಿಸಿದರು. ಲೋಟವನ್ನು ದೊಡ್ಡಮ್ಮನ ಬಾಯಿಯ ಹತ್ತಿರ ಹಿಡಿದರು.

“ನೀರೇ ತಾನೆ? ಕುಡಿ.”

ಟೇಬಲ್ಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು ತಮ್ಮ ಬೂಟಿನ ಲೇಸು ಸರಿ ಮಾಡಿಕೊಂಡರು. ದೊಡ್ಡಮ್ಮ ಲೋಟ ನೋಡಿದಳು. ಮೇನೇಜರನ್ನು ನೋಡಿದಳು. ಅವಳ ಕೈ ನಡುಗುತ್ತಿತ್ತು. ಅದು ಮೆಷಿನ್ ಕೊಟ್ಟ ನಡುಕ, ಹೆದರಿಕೆಯದಲ್ಲ. ಆದರೆ ಟೇಬಲ್ಲಿನಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು? ಅವರಿಗೆ ಅದು ಕಳ್ಳಿಯ ಕೈ.

“ನಾನು ಕದ್ದಿಲ್ಲ,” ಅಂದಳು.

ಏಪ್ರನ್ ಬಿಚ್ಚಿದಳು. ಮಡಿಚಿ ಮೆಟ್ಟಿಲ ಮೇಲಿಟ್ಟಳು. ಹಿಂದಿನ ಗೇಟಿನಿಂದ ಹೊರಟುಹೋದಳು. ಅವಳಿರುವ ಓಣಿಗೆ ಅವಳಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಅಂಗಡಿಯವನು ಅವಳು ಬಂದಾಗ ಗಲ್ಲಾಪೆಟ್ಟಿಗೆ ಮುಚ್ಚಿದನಂತೆ.

ಮಾರನೆಯ ದಿನದಿಂದ ತಪಾಸಣೆ. ಸಂಜೆ ಗೇಟು ದಾಟುವ ಮುಂಚೆ ನಮ್ಮ ಊಟದ ಡಬ್ಬಿ ತೆರೆಯಬೇಕು, ನೀರಿನ ಬಾಟಲಿ ತೆರೆಯಬೇಕು, ಕೈ ಚಾಚಬೇಕು. ಹಿಂದಿನ ಗೇಟಿನ ವಾಚ್‌ಮನ್ ಮೂಸಬೇಕು. ಹಿಂದಿನ ಗೇಟಿನ ವಾಚ್‌ಮನ್ ಅಂದರೆ ನಮ್ಮಣ್ಣ.

ಅಣ್ಣ ಮೊದಲ ದಿನವೇ ಕೇಳಿದ, “ಸಾರ್, ದಿನವಿಡೀ ಪೆಟ್ರೋಲ್ ಮುಟ್ಟೋರ ಕೈ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?”

“ಜಾಸ್ತಿ ಬಂದ್ರೆ ಹಿಡಿ.”

“ಜಾಸ್ತಿ ಅಂದ್ರೆ ಎಷ್ಟು ಸಾರ್?”

ಮೇನೇಜರ್ ಯೋಚಿಸಿದರು. “ನಿನ್ನ ಮೂಗಿಗೆ ಗೊತ್ತಾಗುತ್ತೆ,” ಅಂದರು.

ಹೀಗೆ ನಮ್ಮಣ್ಣನ ಮೂಗಿಗೆ ಬಡ್ತಿ ಸಿಕ್ಕಿತು.

ಮನೆಯಲ್ಲಿ ನಾವು ಮೂವರೇ. ಅಣ್ಣ, ಅತ್ತಿಗೆ, ಗಂಡನನ್ನು ಬಿಟ್ಟು ಬಂದ ನಾನು. ಒಂದೇ ಕೋಣೆ, ಒಂದೇ ಒಲೆ. ಮುನಿಸಿಕೊಂಡರೆ ಮುಖ ತಿರುಗಿಸುವುದಕ್ಕೂ ಜಾಗವಿಲ್ಲ. ಅತ್ತಿಗೆ ಅಣ್ಣನ ಮುಂದೆ ತಟ್ಟೆ ಇಟ್ಟು, “ಮೊದಲು ಮೂಸಿ, ಆಮೇಲೆ ಊಟ ಮಾಡಿ. ಏನು ಕದ್ದು ಬೇಯಿಸಿದ್ದೀನೋ ಏನೋ” ಅಂದಳು.

“ನಾನೇನೇ ಮಾಡ್ಲಿ? ಕೆಲಸ ಬಿಡ್ಲಾ?”

“ನಾನು ಬಿಡಿ ಅಂದ್ನಾ? ಮೂಸಿ ಅಂದೆ.”

“ನೀನಾದ್ರೂ ಹೇಳೇ,” ಅಂದ ಅಣ್ಣ ನನ್ನ ಕಡೆ ತಿರುಗಿ.

“ನನ್ನ ಕೈ ಹೇಗಿತ್ತಣ್ಣ ಇವತ್ತು?” ಅಂದೆ. “ಜಾಸ್ತಿನಾ, ಕಮ್ಮಿನಾ?”

ಪಾಪ, ಆ ದಿನ ಊಟ ಬಿಟ್ಟೆದ್ದ. ನಾವೂ ತಟ್ಟೆ ಸರಿಸಿದೆವು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಯಾವುದು ಮೊದಲು ಅಂತ ತೀರ್ಮಾನವಾಗದೆ ಎರಡೂ ನಿಂತಲ್ಲೇ ನಿಂತವು. ಅತ್ತಿಗೆ ಬೂದಿ ಹಾಕಿ, ಸೋಪು ಹಾಕಿ ಕೈ ಉಜ್ಜುತ್ತಿದ್ದಳು. ಚರ್ಮ ಕೆಂಪಾಗುತ್ತಿತ್ತು, ವಾಸನೆ ಹೋಗುತ್ತಿರಲಿಲ್ಲ. ಅದು ಕೈಗೆ ಅಂಟಿದ ವಾಸನೆಯಲ್ಲ. ಕೈಯದೇ ವಾಸನೆ.

ಅಣ್ಣ ಒಂದು ಉಪಾಯ ಹೂಡಿದ. ನೆಗಡಿ ಅಂದ. ಕರವಸ್ತ್ರ ಮೂಗಿಗೆ ಒತ್ತಿಕೊಂಡು, “ಸಾರ್, ಏನೂ ವಾಸನೆ ಬರ್ತಿಲ್ಲ. ಬೆಂಕಿ ಬಿದ್ರೂ ಗೊತ್ತಾಗಲ್ಲ,” ಅಂದ. ಸುಳ್ಳು ಹೇಳಲು ಬಾರದವನು ಸುಳ್ಳು ಸೀನನ್ನು ಎಷ್ಟು ಚೆನ್ನಾಗಿ ಸೀನಿದನೆಂದರೆ ಅತ್ತಿಗೆಯೇ ಒಂದು ಗಳಿಗೆ ಗಾಬರಿಯಾದಳು. ಆದರೆ ಉಪಾಯ ನಮ್ಮ ಮೇಲೇ ತಿರುಗಿಬಿತ್ತು. ಅಣ್ಣನ ಜಾಗಕ್ಕೆ ಸೀಟಿ ಬಂದು ನಿಂತ.

ಸೀಟಿ ಗೋಡೆ ನೋಡುವವನಲ್ಲ. ಕೈ ಹಿಡಿದು ಎಳೆದುಕೊಳ್ಳುತ್ತಿದ್ದ. ನಿಧಾನವಾಗಿ ಮೂಸುತ್ತಿದ್ದ. ಅಂಗೈ ಮುಗಿದ ಮೇಲೆ ಮಣಿಕಟ್ಟು, ಅದಾದ ಮೇಲೆ ತೋಳು. “ಬಟ್ಟೆಲಿ ನೆನೆಸಿಕೊಂಡು ಹೋಗ್ತೀರ, ನಂಗೊತ್ತು,” ಅನ್ನುತ್ತಿದ್ದ. ಅಣ್ಣ ಪಕ್ಕದಲ್ಲೇ ನಿಂತಿರುತ್ತಿದ್ದ, ಕರವಸ್ತ್ರ ಮೂಗಿಗೆ ಹಿಡಿದು. ಅವನ ಕಿವಿ ಕೆಂಪಗಾಗುತ್ತಿತ್ತು.

ಹೀಗಿರುವಾಗ ರಿಪೇರಿ ಮಾಡಿದ ಮೆಷಿನ್‌ಗಳನ್ನು ಹೇರಿಕೊಂಡು ಮೆಕ್ಯಾನಿಕ್ ಬಂದ. ದೊಡ್ಡ ಹೊಟ್ಟೆಯವನು, ಅದಕ್ಕಿಂತ ದೊಡ್ಡ ಗಂಟಲಿನವನು. ಅವನು ಗುಟ್ಟು ಹೇಳಿದರೂ ಕೊಳದ ಆಚೆ ದಡಕ್ಕೆ ಕೇಳಿಸುತ್ತದೆ. ಶೆಡ್ಡಿನ ಮುಂದೆ ಮೇನೇಜರ್ ನಿಂತಿದ್ದರು. ನಾವು ಬ್ಲೇಡು ತಿಕ್ಕುತ್ತ ಕೂತಿದ್ದೆವು. ಮೆಕ್ಯಾನಿಕ್ ಚೀಲದಿಂದ ಹಳೆಯ ಪೈಪು, ಸೆಟೆದುಕೊಂಡ ರಬ್ಬರು, ಹಸಿರು ಕಿಲುಬು ಕಟ್ಟಿದ ಕಾರ್ಬೊರೇಟರ್ ಒಂದೊಂದಾಗಿ ಹೊರತೆಗೆದ.

“ನೋಡಿ ಸಾರ್ ನಿಮ್ಮ ಡ್ರಮ್ಮಿನ ಪ್ರತಾಪ! ಸ್ಪಿರಿಟ್ ಬೆರೆಸಿದ ಪೆಟ್ರೋಲು, ಹಳೇ ರಬ್ಬರಿಗೆ ಆಗಿಬರಲ್ಲ. ಗಾಳಿಲಿರೋ ನೀರನ್ನೆಲ್ಲ ಎಳ್ಕೊಳ್ಳುತ್ತೆ. ಮಳೆಗಾಲ ಪೂರ್ತಿ ಕೊಳದ ಪಕ್ಕ ಬಾಯಿ ತೆರೆದಿಟ್ರೆ ಇನ್ನೇನಾಗುತ್ತೆ? ಸ್ಪಿರಿಟ್ಟು, ನೀರು ಎರಡೂ ಸೇರಿ ತಳಕ್ಕೆ ಕೂತ್ವು. ಎಂಜಿನ್ನಿಗೆ ಅಂತ ನೀವು ಹಾಕಿದ ಆಯಿಲ್ಲು ಪೆಟ್ರೋಲ್ ಜೊತೆ ಮೇಲೇ ಉಳೀತು. ಮೆಷಿನ್ ಹೀರೋದು ತಳದಿಂದ. ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಳ್ತು. ನನ್ನ ಅಂಗಡಿ ತುಂಬ ಇದೇ ಕಾಯಿಲೆ ಸಾರ್. ದೋಣಿಯವನ ಮೋಟರ್ರು, ಮದುವೆ ಮನೆಯ ಜನರೇಟರ್ರು, ಮರ ಕೊಯ್ಯೋನ ಗರಗಸ. ಹೋದ ಸಲ ಬಂದಾಗಲೇ ಬಡ್ಕೊಂಡೆ. ಸ್ವಲ್ಪ ಸ್ವಲ್ಪ ತನ್ನಿ, ಮುಚ್ಚಳ ಭದ್ರವಾಗಿ ಹಾಕಿ, ಮೆಷಿನ್ ಸುಮ್ನೆ ಇಡೋದಾದ್ರೆ ಟ್ಯಾಂಕ್ ಖಾಲಿ ಮಾಡಿ ಅಂತ. ನೀವು ಹೂಂ ಹೂಂ ಅಂದ್ರಿ.”

ತಿಕ್ಕುತ್ತಿದ್ದ ಕೈಗಳೆಲ್ಲ ನಿಂತವು.

ಹೋದ ಸಲ. ಅವನು ಬಂದಿದ್ದದ್ದು ಮಳೆಗಾಲಕ್ಕೂ ಮುಂಚೆ. ಅಂದರೆ ಲೋಟ ಹಿಡಿದು “ಕುಡಿ” ಅಂದ ದಿನ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಡ್ರಮ್ಮು ತನ್ನದು, ತಪ್ಪು ತನ್ನದು, ನೀರು ಆಕಾಶದ್ದು. ಮೆಂಬರುಗಳು ಕೇಳಿದರೆ ಉತ್ತರ ಕೊಡಬೇಕಿತ್ತು. ಉತ್ತರಕ್ಕೆ ದೊಡ್ಡಮ್ಮ ಸಿಕ್ಕಿದಳು.

ಅತ್ತಿಗೆ ಎದ್ದು ನಿಂತಳು. “ಹಾಗಾದ್ರೆ ದೊಡ್ಡಮ್ಮ ಕದ್ದಿಲ್ಲ ಅಂತಾಯ್ತಲ್ಲ ಸಾರ್.”

“ಅದು ಮುಗಿದ ವಿಷಯ.”

“ಕೈ ಮೂಸೋದು?”

“ಅದು ನಿಯಮ. ನಿಯಮಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ,” ಅಂದರು ಮೇನೇಜರ್. ಇಸ್ತ್ರಿ ಒಂದಿಷ್ಟೂ ಸುಕ್ಕಾಗಲಿಲ್ಲ.

ಮೆಕ್ಯಾನಿಕ್ ಹಳೆಯ ಪೈಪುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ.

ಆ ಸಂಜೆ ಗೇಟಿನಲ್ಲಿ ಎಂದಿನಂತೆ ಸಾಲು. ಮೊದಲು ಅತ್ತಿಗೆ. ಸೀಟಿ ಅವಳ ಕೈ ಹಿಡಿಯಲು ಬಂದ. ಅತ್ತಿಗೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಇಲ್ಲ.”

“ಏನು ಇಲ್ಲ?”

“ಕೈ ಕೊಡಲ್ಲ.”

“ಕದ್ದಿದ್ದೀಯ ಹಾಗಾದ್ರೆ.”

“ಕದ್ದಿಲ್ಲ. ಕೈ ಕೊಡಲ್ಲ. ಎರಡೂ ನಿಜ.”

ಸೀಟಿಗೆ ಇಂಥ ಲೆಕ್ಕ ಗೊತ್ತಿರಲಿಲ್ಲ. ಬೆರಳು ತೋರಿಸಿದ. “ಕೈ ಕೊಡದಿದ್ರೆ ಗೇಟಿಂದ ಹೊರಗೆ ಬಿಡಲ್ಲ.”

ಅತ್ತಿಗೆ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಜೀವಮಾನವೆಲ್ಲ ನಾವು ಕೇಳಿದ್ದು ಒಳಗೆ ಬಿಡಲ್ಲ ಅನ್ನುವ ಮಾತು. ಅಂಗಡಿಯಲ್ಲಿ, ಆಫೀಸಿನಲ್ಲಿ, ದೊಡ್ಡವರ ಮನೆ ಬಾಗಿಲಲ್ಲಿ. ಹೊರಗೆ ಬಿಡಲ್ಲ ಅಂತ ಯಾರೂ ಅಂದಿರಲಿಲ್ಲ. ಅತ್ತಿಗೆಯ ಮುಖ ಅರಳಿತು.

“ಬಿಡಲ್ವಾ? ಸರಿ. ಒಳಗೇ ಇರ್ತೀವಿ.”

ತಿರುಗಿ ನಡೆದಳು. ನಾವೆಲ್ಲ ಅವಳ ಹಿಂದೆ. ಶೆಡ್ಡು ದಾಟಿದಳು, ಕೊಳ ದಾಟಿದಳು, ದಿಬ್ಬ ಹತ್ತಿದಳು. ಸೀಟಿ ಊದುತ್ತ ಹಿಂದೆ ಓಡಿಬಂದ. ಕ್ಲಬ್ಬಿನ ಮುಂದೆ, ಚೆಂಡು ಬೀಳಿಸುವ ಕೊನೆಯ ಕುಳಿಯ ಸುತ್ತ, ಎಲ್ಲಕ್ಕಿಂತ ನುಣುಪಾದ ಹುಲ್ಲು ಇದೆ. ಅದಕ್ಕೆ ದಿನಾ ನೀರು, ದಿನಾ ಕ್ಷೌರ. ಅದರ ಅಂಚನ್ನು ವರ್ಷಗಟ್ಟಲೆ ಕತ್ತರಿಸಿದ್ದೇವೆ, ಮೇಲೆ ಕಾಲಿಟ್ಟಿರಲಿಲ್ಲ. ಅತ್ತಿಗೆ ಚಪ್ಪಲಿ ಬಿಟ್ಟಳು. ನಡುವಿಗೆ ಹೋಗಿ ಕೂತಳು. ಕಾಲು ಚಾಚಿದಳು.

“ಅಯ್ಯೋ,” ಅಂದಳು. “ಇಷ್ಟು ಮೆತ್ತಗಿರುತ್ತೇನೇ ಇದು?”

ನಾವೂ ಕೂತೆವು. ನಿಜಕ್ಕೂ ಮೆತ್ತಗಿತ್ತು. ಬೆನ್ನು ನೋಯುತ್ತಿದ್ದವರು ಮಲಗಿಯೇ ಬಿಟ್ಟರು. ಡಬ್ಬಿಯಲ್ಲಿ ಉಳಿದದ್ದನ್ನು ಹಂಚಿಕೊಂಡು ತಿಂದೆವು. ಒಂದು ಚೆಂಡು ಬಂದು ನನ್ನ ಮಡಿಲಿನ ಹತ್ತಿರ ಬಿತ್ತು. ಅದರ ಹಿಂದೆ ಅದರ ಮೆಂಬರು ಬಂದರು. ನಮ್ಮನ್ನು ಕಂಡು ನಿಂತರು.

“ಇಲ್ಲಿ ಕೂರಬಾರದು,” ಅಂದರು.

“ಹೊರಗೆ ಬಿಡ್ತಿಲ್ಲ ಸಾರ್,” ಅಂದೆ. “ಬಿಟ್ರೆ ಹೋಗ್ತೀವಿ.”

“ಯಾರು ಬಿಡ್ತಿಲ್ಲ?”

“ನಿಮ್ಮ ಮೇನೇಜರ್. ನಮ್ಮ ಕೈ ಮೂಸಬೇಕಂತೆ.”

“ಏನು ಮಾಡಬೇಕಂತೆ?” ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ. ಅವರ ಹಿಂದೆ ಬಂದವರಿಗೂ ಹೇಳಿದೆ. ಹೇಳಿದಷ್ಟೂ ಮಾತು ಸಲೀಸಾಗಿ ಬರತೊಡಗಿತು.

ಮೇನೇಜರ್ ಓಡಿಬಂದರು. ಅವರು ಓಡಿದ್ದನ್ನು ಯಾರೂ ಕಂಡಿರಲಿಲ್ಲ. “ಎದ್ದೇಳಿ! ಪೊಲೀಸ್ ಕರೀತೀನಿ!”

“ಕರೀರಿ ಸಾರ್,” ಅಂದಳು ಅತ್ತಿಗೆ, ಕೂತಲ್ಲಿಂದಲೇ. “ಗೇಟ್ ಹಾಕ್ಕೊಂಡು ಕೂಡಿಹಾಕಿದ್ದೀರಿ ಅಂತ ನಾವೇ ಹೇಳ್ಬೇಕು ಅಂತಿದ್ವಿ.”

ಮೇನೇಜರ್ ಅಣ್ಣನ ಕಡೆ ತಿರುಗಿದರು. ಸೀಟಿ ಅವನನ್ನು ಎಳೆದುಕೊಂಡು ಬಂದಿದ್ದ. “ಇವರನ್ನ ಎಬ್ಬಿಸಿ ಆಚೆ ಹಾಕು.”

ಅಣ್ಣ ಕರವಸ್ತ್ರ ಜೇಬಿಗಿಟ್ಟ. ಟೋಪಿ ತೆಗೆದ. ಮೇನೇಜರ ಕೈಗೇ ಕೊಟ್ಟ.

“ಸಾರ್, ನನಗೆ ನೆಗಡಿ ಇರಲಿಲ್ಲ,” ಅಂದ. “ಸುಳ್ಳು ಹೇಳಿದೆ. ಆದ್ರೆ ಹೆಂಡ್ತಿ ಕೈ, ತಂಗಿ ಕೈ ಕಳ್ಳರ ಕೈ ಅಂತ ಮೂಸಿದ್ನಲ್ಲ, ಅದು ಅದಕ್ಕಿಂತ ದೊಡ್ಡ ಸುಳ್ಳು. ಇನ್ನು ಆಗಲ್ಲ.”

ಬಂದು ಅತ್ತಿಗೆಯ ಪಕ್ಕ ಕೂತ. ಅತ್ತಿಗೆ ಅವನನ್ನು ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

“ನಿಮಗೆ ಏನು ಬೇಕು?” ಅಂದರು ಮೇನೇಜರ್. ಮೆಂಬರುಗಳು ಸುತ್ತ ನೆರೆದಿದ್ದರು. ಅವರಿಗೆ ನಮ್ಮ ಮೇಲೆ ಕನಿಕರವೋ, ಹುಲ್ಲಿನ ಮೇಲೋ, ಹೇಳಲಾರೆ.

“ಕೈ ಮೂಸೋದು ಇವತ್ತಿಗೇ ನಿಲ್ಲಬೇಕು,” ಅಂದಳು ಅತ್ತಿಗೆ. “ಇನ್ನೊಂದು. ನೀವು ದೊಡ್ಡಮ್ಮನ ಮನೆಗೆ ಬರಬೇಕು. ಅವಳು ಕದ್ದಿಲ್ಲ ಅಂತ ಅವಳ ಬಾಗಿಲಲ್ಲಿ ನಿಂತು ಹೇಳಬೇಕು.”

“ಮನೆಗೆ? ಬೇಕಾದ್ರೆ ಅವಳನ್ನ ಇಲ್ಲಿಗೆ ಕರೆಸಿ. ಹೇಳ್ತೀನಿ.”

“ನೀವು ಕಳ್ಳಿ ಅಂದಿದ್ದು ಅವಳ ಓಣಿಗೆ ಮುಟ್ಟಿದೆ. ಅಲ್ಲ ಅನ್ನೋದೂ ಅಲ್ಲಿಗೇ ಮುಟ್ಟಲಿ.”

ಆ ಸಂಜೆ ಗೇಟು ತೆರೆಯಿತು. ಯಾರೂ ಯಾರ ಕೈಯನ್ನೂ ಮೂಸಲಿಲ್ಲ. ಆದರೆ ಎರಡನೆಯ ಮಾತಿಗೆ ಮೇನೇಜರ್ ಒಪ್ಪಲಿಲ್ಲ. ಹಾಗಾಗಿ ಮಾರನೆಯ ದಿನದಿಂದ ನಾವೂ ಮೆಷಿನ್ ಮುಟ್ಟಲಿಲ್ಲ. ಅಣ್ಣನ ಕೆಲಸ ಅಂತೂ ಟೋಪಿಯ ಜೊತೆಗೇ ಹೋಗಿತ್ತು. ಮನೆಯಲ್ಲಿ ಒಲೆ ಒಂದೇ ಹೊತ್ತು ಹೊತ್ತಿದ ದಿನಗಳೂ ಇದ್ದವು. ಸುಳ್ಳೇಕೆ ಹೇಳಲಿ, ಹೆದರಿಕೆಯಾಗುತ್ತಿತ್ತು. ಆದರೆ ಅಣ್ಣ, ಅತ್ತಿಗೆ ಇಬ್ಬರೂ ಮಾತಾಡುತ್ತಿದ್ದರು. ಒಂದೇ ಕೋಣೆಯಲ್ಲಿ ಅವರ ಪಿಸುಮಾತು ಕೇಳಿಸಿಕೊಂಡು ಮಲಗುವುದು ನನಗೆ ಹೊಟ್ಟೆ ತುಂಬಿದಷ್ಟೇ ಆಗುತ್ತಿತ್ತು.

ನಮ್ಮ ಬದಲಿಗೆ ಬೇರೆ ಕಡೆಯಿಂದ ಗಂಡಸರನ್ನು ಕರೆಸಿದರು. ಪೆಟ್ರೋಲ್ ಅದೇ ಡ್ರಮ್ಮಿನದು. ಮೇನೇಜರಿಗೆ ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಹೊಸಬರು ಹಗ್ಗ ಎಳೆದರು, ಮೆಷಿನ್ ಕೆಮ್ಮಿತು. ಸೀಟಿ ಊದಿದ. ಮತ್ತೆ ಎಳೆದರು, ಮತ್ತೆ ಊದಿದ. ಅವರಲ್ಲೊಬ್ಬ ಸೀಟಿಯ ಕೊರಳಿಂದ ಸೀಟಿ ಕಿತ್ತು ಕೊಳಕ್ಕೆ ಎಸೆದನಂತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊರಟುಹೋದರು. ಈ ಸುದ್ದಿ ತಂದದ್ದು ಮೆಕ್ಯಾನಿಕ್. ನಮ್ಮ ಓಣಿಯ ತುದಿಯಲ್ಲಿ ನಿಂತೇ ಹೇಳಿದ, ನಾವು ಮನೆಯೊಳಗೆ ಕೂತೇ ಕೇಳಿಸಿಕೊಂಡೆವು. ಹೋಗುವಾಗ ಅಣ್ಣನನ್ನು ತನ್ನ ಅಂಗಡಿಗೆ ಕೆಲಸಕ್ಕೆ ಕರೆದುಕೊಂಡು ಹೋದ.

ಅಷ್ಟರಲ್ಲಿ ಕ್ಲಬ್ಬಿನ ದೊಡ್ಡ ಪಂದ್ಯ ಹತ್ತಿರವಾಯಿತು. ಅಂಚಿನ ಹುಲ್ಲು ಬೆಳೆದು ಚೆಂಡುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ದೊಡ್ಡ ಮನುಷ್ಯರು ಬಗ್ಗಿ, ಕೋಲಿನಿಂದ ಕೆದಕಿ, ಬೈದುಕೊಂಡು ಹುಡುಕುತ್ತಿದ್ದರಂತೆ. ಚೆಂಡು ಯಾರು ಕದ್ದರು ಅಂತ ಮಾತ್ರ ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಮೇನೇಜರ್ ಬಂದರು.

ದೊಡ್ಡಮ್ಮನ ಓಣಿಯೊಳಗೆ ಕಾರು ಬರುವುದಿಲ್ಲ. ಓಣಿಯ ಬಾಯಲ್ಲೇ ಇಳಿದು ನಡೆದು ಬಂದರು. ಕೆಸರು ತಪ್ಪಿಸಲು ಅಲ್ಲೊಂದು ಇಲ್ಲೊಂದು ಹೆಜ್ಜೆ ಹಾಕುತ್ತ ಬಂದರು. ಅತ್ತಿಗೆ ಮುಂದೆ, ಅವರು ನಡುವೆ, ನಾವೆಲ್ಲ ಹಿಂದೆ. ಮೆರವಣಿಗೆಯ ಹಾಗಿತ್ತು. ಜನ ಬಾಗಿಲಿಗೆ ಬಂದರು. ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದ.

ದೊಡ್ಡಮ್ಮ ಹೊಸ್ತಿಲಲ್ಲಿ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ.

“ಅದು… ಒಂದು ತಪ್ಪು ತಿಳುವಳಿಕೆ ಆಗಿತ್ತು,” ಅಂದರು ಮೇನೇಜರ್, ಮೆಲ್ಲಗೆ.

“ಯಾರಿಗೆ?” ಅಂದಳು ದೊಡ್ಡಮ್ಮ.

“ಏನು?”

“ತಪ್ಪು ತಿಳುವಳಿಕೆ ಯಾರಿಗೆ ಆಗಿತ್ತು?”

“…ನನಗೆ.”

“ಏನಂತ?”

ಮೇನೇಜರ್ ಅತ್ತಿತ್ತ ನೋಡಿದರು. ಓಣಿ ತುಂಬ ಜನ. “ನೀನು ಪೆಟ್ರೋಲ್ ಕದ್ದೆ ಅಂತ.”

“ನೀನು ಅಲ್ಲ.”

“ಹಾಂ?”

“ನೀವು,” ಅಂದಳು ದೊಡ್ಡಮ್ಮ. ಕೋಪವೇನೂ ಇರಲಿಲ್ಲ. ಮಗುವಿಗೆ ಮಾತು ಕಲಿಸುವವಳ ಹಾಗೆ ನಿಧಾನವಾಗಿ ಹೇಳಿದಳು. “ನೀವು ಅಂತ ಹೇಳಿ. ನಿಮಗಿಂತ ದೊಡ್ಡವಳು ನಾನು.”

ಮೇನೇಜರ್ ಅಂಗಿಯ ಕಾಲರ್ ಸರಿಮಾಡಿಕೊಂಡರು. “ನೀವು… ಕದ್ದಿರಿ ಅಂತ. ನೀವು ಕದ್ದಿರಲಿಲ್ಲ. ಪೆಟ್ರೋಲೇ ಕೆಟ್ಟಿತ್ತು. ನನಗೆ ಗೊತ್ತಿತ್ತು.”

ಆ ಕೊನೆಯ ಮಾತು ಹೇಳಿ ಅಂತ ಯಾರೂ ಕೇಳಿರಲಿಲ್ಲ. ಅದು ಹೇಗೆ ಬಾಯಿಂದ ಬಿತ್ತೋ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮೇನೇಜರ್ ತಿರುಗಿ, ಕೆಸರನ್ನೂ ನೋಡದೆ, ಸರಸರ ನಡೆದುಹೋದರು.

“ನಾಳೆ ಬೆಳಿಗ್ಗೆ ಒಟ್ಟಿಗೇ ಹೋಗೋಣ ದೊಡ್ಡಮ್ಮ,” ಅಂದಳು ಅತ್ತಿಗೆ.

“ಎಲ್ಲಿಗೆ?”

“ಕೆಲಸಕ್ಕೆ.”

“ನನಗೇನು ತಲೆ ಕೆಟ್ಟಿದೆಯಾ? ಈ ಭುಜ ಇಟ್ಕೊಂಡು ಇನ್ನು ಆ ದರಿದ್ರ ಮೆಷಿನ್ ಯಾರು ಹೊರ್ತಾರೆ? ನೀವು ಹೋಗಿ, ವಯಸ್ಸಿನೋರು.”

“ಮತ್ತೆ ಇಷ್ಟೆಲ್ಲ…”

“ಇಷ್ಟೆಲ್ಲ ಕೆಲಸಕ್ಕೆ ಅಂದ್ಕೊಂಡ್ಯಾ?”

ದೊಡ್ಡಮ್ಮ ಹೊಸ್ತಿಲು ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಬಾಗಿಲು ಬಾಗಿಲಲ್ಲಿ ನಿಂತವರನ್ನೆಲ್ಲ, ಅಂಗಡಿಯವನನ್ನೂ, ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು.

“ಎಲ್ಲರಿಗೂ ಕೇಳಿಸ್ತಾ?”

“ಕೇಳಿಸ್ತು!” ಅಂದಿತು ಓಣಿ.